ಕೊನೆಯ ಕೋಣೆಯ ಪಾಲು

ಅಮೆರಿಕ ದೇಶದಲ್ಲಿ ವಾಸದ ಮನೆಗಳನ್ನು ಕಟ್ಟುವವರಿಗೆಂದು ರಚಿತವಾದ ನಿಯಮಗ್ರಂಥವೊಂದುಂಟು. ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂದು ಅದರ ಹೆಸರು. 2000ದಲ್ಲಿ ಮೊದಲು ಪ್ರಕಟವಾಗಿ, ಮೂರು ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುತ್ತ ಬಂದಿರುವ ಈ ಗ್ರಂಥವನ್ನು ಅಲ್ಲಿನ ಬಹುಪಾಲು ರಾಜ್ಯಗಳೂ ಊರುಗಳೂ ತಮ್ಮ ತಮ್ಮ ತಿದ್ದುಪಡಿಗಳೊಡನೆ ಅಂಗೀಕರಿಸಿವೆ. ಅದರಲ್ಲಿ ನಾಲ್ಕಾರು ಸಾಲಿನ ಒಂದು ವಿಧಿಯಿದೆ. ಚಳಿ ಬೀಳುವ ಸೀಮೆಯಲ್ಲಿ, ಜನ ವಾಸಮಾಡುವ ಪ್ರತಿಯೊಂದು ಕೋಣೆಯಲ್ಲಿಯೂ, ನೆಲದಿಂದ 3 ಅಡಿ ಮೇಲೆ, ಹೊರಗೋಡೆಯಿಂದ 2 ಅಡಿ ಒಳಗೆ ಅಳೆದಾಗ, 68 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ ಲೆಕ್ಕದಲ್ಲಿ 20 ಡಿಗ್ರಿ, ಉಷ್ಣತೆಯನ್ನು ಕಾಪಾಡಬಲ್ಲ ವ್ಯವಸ್ಥೆ ಇರತಕ್ಕದ್ದು. ಎತ್ತಿ ಒಯ್ಯುವಂಥ ಹೀಟರೊಂದನ್ನು ಮೂಲೆಯಲ್ಲಿಟ್ಟು ನಿಯಮವನ್ನು ಪಾಲಿಸಿದ್ದೇವೆ ಎಂದು ಹೇಳುವಂತಿಲ್ಲ.

ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಈ ವಿಷಯದ ಗೊಡವೆಯೇಕೆ ಎಂದು ತಾವು ಕೇಳಬಹುದು. ಕಾರಣ ಎರಡು. ಮೊದಲನೆಯದು, ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಮನೆ ಕೊಂಡು, ಮನೆ ಕಟ್ಟಿಸಿಕೊಂಡು ನೆಲೆಸಿದ್ದಾರೆ. ಅವರ ತಂದೆ ತಾಯಿಗಳು ಹೋಗಿ ಆರು ತಿಂಗಳು ಇದ್ದು ಬರುತ್ತಾರೆ. ನಾನೂ ಹಾಗೆ ಹೋಗಿ ಬಂದವನೇ. ಎರಡನೆಯದು, ಆ ವಿಧಿಯಲ್ಲಿರುವ ‘ಪ್ರತಿಯೊಂದು’ ಎಂಬ ಒಂದು ಪದ. ಮನೆ ಒಟ್ಟಾರೆ ಬೆಚ್ಚಗಿದ್ದರೆ ಸಾಕು ಎಂದು ನಿಯಮ ಹೇಳಲಿಲ್ಲ. ನಡುಮನೆ ಬೆಚ್ಚಗಿದ್ದರೆ ಸಾಕೆಂದೂ ಹೇಳಲಿಲ್ಲ. ಕೊನೆಯ ಕೋಣೆಯೂ ಬೆಚ್ಚಗಿರಬೇಕು ಎಂದಿತು. ಆ ಒಂದು ಪದವನ್ನು ನಿಜವಾಗಿಸಲು ಎಷ್ಟು ಲೆಕ್ಕ ಬೇಕು, ಎಷ್ಟು ಶ್ರದ್ಧೆ ಬೇಕು ಎಂಬುದೇ ಈ ಹೊತ್ತಿನ ನನ್ನ ಮಾತಿನ ವಸ್ತು.

ಅಲ್ಲಿನ ಮನೆಗಳ ರಚನೆಯನ್ನು ಮೊದಲು ಸ್ವಲ್ಪ ಹೇಳಬೇಕು. ಸಾಮಾನ್ಯವಾಗಿ ಮನೆಯ ನೆಲಮಾಳಿಗೆಯಲ್ಲಿ ಒಂದು ಫರ್ನೇಸು ಇರುತ್ತದೆ. ನಮ್ಮ ಮಾತಿನಲ್ಲಿ ಕುಲುಮೆ ಎನ್ನೋಣ. ಅದರೊಳಗೆ ಬಿಸಿಯಾದ ಗಾಳಿಯನ್ನು ಬೀಸಣಿಗೆ ತಗಡಿನ ದೊಡ್ಡ ಕೊಳವೆಗೆ ನೂಕುತ್ತದೆ. ಆ ದೊಡ್ಡ ಕೊಳವೆಯಿಂದ ಕವಲೊಡೆದ ಸಣ್ಣ ಕೊಳವೆಗಳು ನೆಲದ ಕೆಳಗೂ ಗೋಡೆಯ ಒಳಗೂ ಹರಿದು ಒಂದೊಂದು ಕೋಣೆಯಲ್ಲಿ ಒಂದೊಂದು ಜಾಲರಿಯ ಬಾಯಿಯಾಗಿ ತೆರೆದುಕೊಳ್ಳುತ್ತವೆ. ಈ ಕೊಳವೆಗಳಿಗೇ ಡಕ್ಟ್ ಎಂದು ಹೆಸರು. ಕೋಣೆಯನ್ನು ಬೆಚ್ಚಗೆ ಮಾಡಿದ ಗಾಳಿ ಬೇರೊಂದು ದಾರಿಯಿಂದ ಕುಲುಮೆಗೆ ಮರಳುತ್ತದೆ. ಬೇಸಿಗೆ ಬಂದಾಗ ಅದೇ ಕೊಳವೆಗಳಲ್ಲಿ ತಂಪು ಗಾಳಿ ಹರಿಯುತ್ತದೆ. ಕಾಲುವೆ, ಉಪಕಾಲುವೆ, ತೂಬು, ಗದ್ದೆ ಎಂಬ ಮಾತುಗಳನ್ನು ಬಲ್ಲ ನಮಗೆ ಈ ಏರ್ಪಾಟು ಅಪರಿಚಿತವೇನೂ ಅಲ್ಲ. ಕಾಲುವೆಯ ತುದಿಯ ಗದ್ದೆಯವನಿಗೆ ನೀರಿನ ಚಿಂತೆಯಿದ್ದಂತೆ, ಕೊಳವೆಯ ತುದಿಯ ಕೋಣೆಯವನಿಗೆ ಗಾಳಿಯ ಚಿಂತೆ.

ಬೀಸಣಿಗೆ ಇಲ್ಲದ ಕಾಲವೂ ಒಂದಿತ್ತು. ಬಿಸಿಗಾಳಿ ಹಗುರ, ತಾನಾಗಿ ಮೇಲೇರುತ್ತದೆ. ತಣ್ಣನೆಯ ಗಾಳಿ ಭಾರ, ತಾನಾಗಿ ಕೆಳಗಿಳಿಯುತ್ತದೆ. ಈ ಸ್ವಭಾವವನ್ನೇ ನಂಬಿ ನೆಲಮಾಳಿಗೆಯ ನಡುವೆ ದೊಡ್ಡ ಕುಲುಮೆಯನ್ನಿಟ್ಟು, ಅದರಿಂದ ಸುತ್ತಲೂ ತೋರವಾದ ಕೊಳವೆಗಳನ್ನು ಮೇಲ್ಮುಖವಾಗಿ ಒಯ್ಯುತ್ತಿದ್ದರು. ಎಂಟು ತೋಳುಗಳ ಕಡಲಪ್ರಾಣಿಯಂತೆ ಕಾಣುತ್ತಿದ್ದುದರಿಂದ ಜನ ಅದನ್ನು ಆಕ್ಟೊಪಸ್ ಎಂದೇ ಕರೆದರು. ಗಾಳಿ ತಾನಾಗಿ ಹರಿಯಬೇಕಾಗಿದ್ದುದರಿಂದ ದಾರಿ ಅಗಲವಾಗಿರಲೇಬೇಕಾಗಿತ್ತು. 1930ರ ದಶಕದಿಂದೀಚೆಗೆ ವಿದ್ಯುತ್ ಬೀಸಣಿಗೆ ಮನೆಮನೆಗೆ ಬಂದಿತು. ನೂಕುವ ಶಕ್ತಿ ದೊರೆತ ಮೇಲೆ ಕೊಳವೆಗಳು ಸಣ್ಣವಾದವು, ಗೋಡೆಗಳೊಳಗೆ ಅಡಗಿದವು. ಅದರೊಡನೆಯೇ, ಹೇಗೂ ನೂಕುವ ಯಂತ್ರವಿದೆಯಲ್ಲ, ಕೊಳವೆ ಎಷ್ಟಿದ್ದರೇನು ಎಂಬ ಉದಾಸೀನವೂ ಹುಟ್ಟಿಕೊಂಡಿತು.

ಈ ಉದಾಸೀನದ ಫಲವನ್ನು ಶಿಕಾಗೋ ನಗರದ ಹೊರವಲಯದ ಒಂದು ಮನೆಯಲ್ಲಿ ನಾನು ಕಂಡೆ. ಹಾಸನದ ಕಡೆಯ ಕುಟುಂಬ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಜೊತೆಗೆ ಎಪ್ಪತ್ತು ದಾಟಿದ ತಾಯಿ. ತಾಯಿಗೆ ಕೊಟ್ಟಿದ್ದ ಕೋಣೆ ಕಾರು ನಿಲ್ಲಿಸುವ ಗ್ಯಾರೇಜಿನ ಮೇಲಿತ್ತು. ಒಳ್ಳೆಯ ಕೋಣೆ; ದೊಡ್ಡ ಕಿಟಕಿ, ಪಕ್ಕದಲ್ಲೇ ಸ್ನಾನದ ಮನೆ. ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಜನವರಿಯ ರಾತ್ರಿಗಳಲ್ಲಿ ಆ ತಾಯಿ ಎರಡು ಸ್ವೆಟರು ತೊಟ್ಟು, ಮೇಲೆ ಶಾಲು ಹೊದ್ದು ಮಲಗುತ್ತಿದ್ದರು. ನನ್ನೊಡನೆ ಮಾತನಾಡುತ್ತ ಒಮ್ಮೆ ಹೇಳಿದರು: “ಮೇಷ್ಟ್ರೇ, ನಮ್ಮ ಹುಡುಗ ಪಾಪ, ಇದ್ದ ಮೆಷಿನ್ ತೆಗೆಸಿ ಇನ್ನೂ ದೊಡ್ಡದು ಹಾಕ್ಸಿದ. ಸದ್ದು ಜಾಸ್ತಿ ಆಯ್ತೇ ಹೊರತು ಚಳಿ ಏನೂ ಹೋಗಲಿಲ್ಲ ನೋಡಿ. ಅವನಿಗೆ ಮಾತ್ರ ಹೇಳೋಕೆ ಹೋಗಬೇಡಿ, ನೊಂದ್ಕೋತಾನೆ.”

ಮಗ ಹಣವನ್ನೇನೂ ಹಿಂದುಮುಂದು ನೋಡಿರಲಿಲ್ಲ. ತಾಯಿ ದೂರಲಿಲ್ಲ. ಯಂತ್ರ ದೊಡ್ಡದಾಯಿತು. ಆದರೂ ಕೋಣೆ ಬೆಚ್ಚಗಾಗಲಿಲ್ಲ. ಏಕೆ? ಉತ್ತರವನ್ನು ಹುಡುಕಲು ನಾವು ನಿಯಮಗ್ರಂಥಕ್ಕೆ ಹಿಂತಿರುಗಬೇಕು.

ಆ ಗ್ರಂಥ ‘20 ಡಿಗ್ರಿ ಇರಲಿ’ ಎಂದು ಹೇಳಿ ಸುಮ್ಮನಾಗುವುದಿಲ್ಲ, ದಾರಿಯನ್ನೂ ತೋರಿಸುತ್ತದೆ. ಹವಾನಿಯಂತ್ರಣದ ಗುತ್ತಿಗೆದಾರರ ಸಂಘವೊಂದು ಅಲ್ಲಿ ಪ್ರಕಟಿಸಿರುವ ಮೂರು ಕೈಪಿಡಿಗಳನ್ನು ಅದು ಹೆಸರಿಸುತ್ತದೆ: ಮ್ಯಾನ್ಯುಯಲ್ ಜೆ, ಮ್ಯಾನ್ಯುಯಲ್ ಎಸ್, ಮ್ಯಾನ್ಯುಯಲ್ ಡಿ. ಮೊದಲನೆಯದರಿಂದ ಮನೆಗೆ ಎಷ್ಟು ಶಾಖ ಬೇಕೆಂದು ತಿಳಿಯಬೇಕು. ಎರಡನೆಯದರಿಂದ ಅದಕ್ಕೆ ತಕ್ಕ ಯಂತ್ರವನ್ನು ಆರಿಸಬೇಕು. ಮೂರನೆಯದರಿಂದ, ಇಲ್ಲವೇ ಅಧಿಕಾರಿಗಳು ಒಪ್ಪುವ ಅಂಥದೇ ಬೇರೊಂದು ಕ್ರಮದಿಂದ, ಕೊಳವೆಗಳ ಅಳತೆಯನ್ನು ನಿಶ್ಚಯಿಸಬೇಕು. ಬೇಡಿಕೆ ಮೊದಲು, ಯಂತ್ರ ಅನಂತರ, ದಾರಿ ಕೊನೆಗೆ. ಈ ಕ್ರಮವನ್ನು ತಪ್ಪಿಸುವಂತಿಲ್ಲ. ಅನೇಕ ಊರುಗಳಲ್ಲಿ ಈ ಲೆಕ್ಕದ ಹಾಳೆಗಳನ್ನು ತೋರಿಸದೆ ಮನೆ ಕಟ್ಟಲು ಪರವಾನಗಿಯೇ ದೊರೆಯುವುದಿಲ್ಲ.

ಬೇಡಿಕೆಯ ಲೆಕ್ಕವನ್ನು ಕೋಣೆಕೋಣೆಗೂ ಬೇರೆಬೇರೆಯಾಗಿ ಮಾಡಬೇಕು. ಒಂದು ಕೋಣೆಗೆ ಹೊರಗೋಡೆ ಎಷ್ಟು, ಕಿಟಕಿ ಎಷ್ಟು, ಕಿಟಕಿ ಯಾವ ದಿಕ್ಕಿಗಿದೆ, ಗೋಡೆಯೊಳಗೆ ಚಳಿ ತಡೆಯುವ ಹತ್ತಿಯಂಥ ವಸ್ತು ಎಷ್ಟು ದಪ್ಪ ತುಂಬಿದೆ, ಸಂದುಗಳಿಂದ ಎಷ್ಟು ಗಾಳಿ ನುಸುಳುತ್ತದೆ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊರಗಿನ ಚಳಿಗೂ ಒಂದು ಒಪ್ಪಿತವಾದ ಅಂಕಿಯುಂಟು. ವರ್ಷದ ಗಂಟೆಗಳಲ್ಲಿ ನೂರಕ್ಕೆ 99 ಪಾಲು ಯಾವ ಉಷ್ಣತೆಗಿಂತ ಮೇಲಿರುತ್ತವೋ ಆ ಉಷ್ಣತೆಯನ್ನು ಹಿಡಿಯುತ್ತಾರೆ. ಶಿಕಾಗೋ ಸೀಮೆಯಲ್ಲಿ ಅದು ಫ್ಯಾರನ್‌ಹೀಟಿನ ಸೊನ್ನೆಯ ಆಸುಪಾಸು. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹದಿನಾರು ಹದಿನೇಳು ಡಿಗ್ರಿ ಕೆಳಗೆ. ನಡುಮನೆಯ ಪಕ್ಕದ ಕೋಣೆಗೆ ಸುತ್ತಲೂ ಬೆಚ್ಚನೆಯ ನೆರೆಯುಂಟು. ಗ್ಯಾರೇಜಿನ ಮೇಲಣ ಕೋಣೆಗೆ ಮೂರು ಕಡೆ ಹೊರಗೋಡೆ, ಮೇಲೆ ಸೂರು, ಕೆಳಗೆ ಕುಲುಮೆಯ ಬಿಸಿ ಕಾಣದ ಗ್ಯಾರೇಜು. ವಿಸ್ತೀರ್ಣ ಒಂದೇ ಆದರೂ ಎರಡು ಕೋಣೆಗಳ ಬೇಡಿಕೆ ಒಂದೇ ಅಲ್ಲ. ಚದರಡಿಗೆ ಇಷ್ಟು ಎಂದು ಸಮನಾಗಿ ಹಂಚಿದವನು ಹೀಗೆ ಮೂರು ಕಡೆ ಚಳಿಗೆ ಒಡ್ಡಿಕೊಂಡ ಕೋಣೆಗೆ ಅನ್ಯಾಯ ಮಾಡುತ್ತಾನೆ.

ಅಂಥ ಕೋಣೆಯೊಂದು ಗಂಟೆಗೆ 4,800 ಬಿ.ಟಿ.ಯು. ಶಾಖವನ್ನು ಕಳೆದುಕೊಳ್ಳುತ್ತದೆ ಎಂದು ಇಟ್ಟುಕೊಳ್ಳೋಣ. ಅಷ್ಟನ್ನು ಗಾಳಿಯೇ ಹೊತ್ತು ತರಬೇಕು. ಒಂದು ಘನ ಅಡಿ ಗಾಳಿಯ ತೂಕ 0.075 ಪೌಂಡು, ಒಂದು ಪೌಂಡು ಗಾಳಿಯನ್ನು ಒಂದು ಡಿಗ್ರಿ ಏರಿಸಲು 0.24 ಬಿ.ಟಿ.ಯು. ಬೇಕು, ಗಂಟೆಗೆ 60 ನಿಮಿಷ. ಈ ಮೂರನ್ನೂ ಗುಣಿಸಿದರೆ 1.08 ಬರುತ್ತದೆ. ಕೋಣೆ 70 ಡಿಗ್ರಿ, ಒಳಬರುವ ಗಾಳಿ 110 ಡಿಗ್ರಿ ಫ್ಯಾರನ್‌ಹೀಟ್ ಆದರೆ ಅಂತರ 40. 4,800ನ್ನು 1.08ರಿಂದಲೂ 40ರಿಂದಲೂ ಭಾಗಿಸಿದರೆ ನಿಮಿಷಕ್ಕೆ 111 ಘನ ಅಡಿ ಗಾಳಿ. ಇದು ಆ ಕೋಣೆಯ ಪಾಲು. ಛಂದಸ್ಸಿನಲ್ಲಿ ಗಣಕ್ಕೆ ಇಷ್ಟು ಮಾತ್ರೆ ಎಂಬಂತೆ, ಇಲ್ಲಿ ಕೋಣೆಗೆ ಇಷ್ಟು ಗಾಳಿ.

ಇನ್ನು ದಾರಿಯ ಲೆಕ್ಕ. ಬೀಸಣಿಗೆಯ ನೂಕುವ ಬಲವನ್ನು ನೀರಿನ ಎತ್ತರದಿಂದ ಅಳೆಯುತ್ತಾರೆ. ಮನೆಯ ಕುಲುಮೆಯೊಂದರ ಬಲ ಸಾಮಾನ್ಯವಾಗಿ ಅರ್ಧ ಇಂಚು ನೀರು. ಬಾಗಿದ ಗಾಜಿನ ನಳಿಗೆಯಲ್ಲಿ ನೀರು ಅರ್ಧ ಇಂಚು ಏರುವಷ್ಟು ಬಲ. ಅದರಲ್ಲೇ ಇಡೀ ಸಂಸಾರ ಸಾಗಬೇಕು. ಬಡ ಸಂಬಳದ ಮನೆಯಂತೆ ಇದಕ್ಕೆ ಮೊದಲೇ ಖರ್ಚುಗಳು ಕಾದಿರುತ್ತವೆ. ಬೇಸಿಗೆಯ ತಂಪಿಗೆಂದು ಇರಿಸಿದ ಸುರುಳಿಯನ್ನು ದಾಟಲು 0.20 ಹೋಯಿತು. ಧೂಳು ತಡೆಯುವ ಫಿಲ್ಟರಿಗೆ 0.10. ಕೋಣೆಯ ಜಾಲರಿಗೆ 0.03, ಮರಳುವ ಜಾಲರಿಗೆ 0.03. ಉಳಿದದ್ದು 0.14. ಗಾಳಿ ಹೋಗಿ ಬರುವ ಅತ್ಯಂತ ದೂರದ ದಾರಿ, ತಿರುವುಗಳನ್ನೂ ಸೇರಿಸಿ, 200 ಅಡಿ ಎಂದಾದರೆ ನೂರು ಅಡಿಗೆ 0.07 ಮಾತ್ರ ವ್ಯಯಮಾಡಬಹುದು. ಇದೊಂದು ಕೂಡುವ, ಕಳೆಯುವ ಲೆಕ್ಕ; ಹೈಸ್ಕೂಲಿನ ಹುಡುಗ ಮಾಡಬಲ್ಲ. ಆದರೂ ಇದನ್ನು ಮಾಡದೆ, ಎಲ್ಲ ಮನೆಗೂ 0.10 ಎಂದು ರೂಢಿಯ ಅಂಕಿಯೊಂದನ್ನು ಹಿಡಿದು ಕೊಳವೆ ಕತ್ತರಿಸುವವರು ಬಹಳ.

ನೂರು ಅಡಿಗೆ 0.07 ಎಂದು ತಿಳಿದ ಮೇಲೆ ಕೊಳವೆಯ ಅಳತೆ ಪಟ್ಟಿಯಲ್ಲಿ ಸಿಗುತ್ತದೆ. 5 ಇಂಚಿನ ದುಂಡು ತಗಡಿನ ಕೊಳವೆ ನಿಮಿಷಕ್ಕೆ ಸುಮಾರು 55 ಘನ ಅಡಿ ಗಾಳಿಯನ್ನು ಒಯ್ಯುತ್ತದೆ; 6 ಇಂಚಿನದು 90; 7 ಇಂಚಿನದು 135; 8 ಇಂಚಿನದು 190ಕ್ಕೂ ಮೇಲೆ. ನಮ್ಮ ಕೋಣೆಗೆ ಬೇಕಾದದ್ದು 111; ಆದ್ದರಿಂದ 7 ಇಂಚು. ಈ ಅಂಕಿಗಳಲ್ಲಿ ಒಂದು ಸೋಜಿಗವಿದೆ. ಆರರಿಂದ ಎಂಟಕ್ಕೆ ಹೋದರೆ ಅಡ್ಡಳತೆ ಮೂರನೆಯ ಒಂದು ಪಾಲು ಹೆಚ್ಚಿತು, ಗಾಳಿ ಎರಡರಷ್ಟಕ್ಕೂ ಮಿಕ್ಕಿತು. ಗೋಡೆಗೆ ತಾಗಿ ಹರಿಯುವ ಗಾಳಿಗೆ ಉಜ್ಜಾಟ ಹೆಚ್ಚು, ನಡುವಿನ ಗಾಳಿಗೆ ಕಡಿಮೆ. ಕೊಳವೆ ದೊಡ್ಡದಾದಷ್ಟೂ ನಡುವಿನ ಪಾಲು ಬೆಳೆಯುತ್ತದೆ. ಎಂದರೆ ಒಂದೆರಡು ಇಂಚಿನ ತಗಡನ್ನು ಉಳಿಸಿದವನು ಅರ್ಧದಷ್ಟು ಗಾಳಿಯನ್ನು ಕಳೆದನೆಂದೇ ಅರ್ಥ.

ತಿರುವುಗಳ ವಿಷಯವನ್ನೂ ಹೇಳಬೇಕು. ನಯವಾಗಿ ಬಾಗಿದ ಒಂದು ತಿರುವು ಹತ್ತಿಪ್ಪತ್ತು ಅಡಿ ನೇರ ಕೊಳವೆಯಷ್ಟು ಬಲವನ್ನು ನುಂಗುತ್ತದೆ. ಚೂಪು ಮೂಲೆಯಾಗಿ ಮುರಿದ ತಿರುವು ಅದರ ಕೆಲವು ಪಟ್ಟು. ಈಗ ಬಳಕೆಯಲ್ಲಿರುವ ಮಡಿಕೆಯ ಮೆತ್ತನೆಯ ಕೊಳವೆಗಳದು ಬೇರೊಂದು ಕಥೆ. ಎಳೆದು ನೇರವಾಗಿ ಕಟ್ಟಿದರೆ ಚೆನ್ನಾಗಿಯೇ ದುಡಿಯುತ್ತವೆ. ಜೋಲುಬಿಟ್ಟರೆ, ಉಳಿದ ಉದ್ದವನ್ನು ಸುಕ್ಕಾಗಿ ತುರುಕಿದರೆ, ಉಜ್ಜಾಟ ಇಮ್ಮಡಿಯೋ ಮುಮ್ಮಡಿಯೋ ಆಗುತ್ತದೆ.

ದೊಡ್ಡ ಯಂತ್ರ ಏಕೆ ಸೋತಿತೆಂಬುದು ಈಗ ತಿಳಿಯುತ್ತದೆ. ಅದೇ ಕೊಳವೆಯಲ್ಲಿ ಎರಡರಷ್ಟು ಗಾಳಿಯನ್ನು ನೂಕಬೇಕಾದರೆ ಹೆಚ್ಚುಕಡಿಮೆ ನಾಲ್ಕರಷ್ಟು ಬಲ ಬೇಕು. ಅಷ್ಟು ಬಲ ಮನೆಯ ಬೀಸಣಿಗೆಗೆ ಇಲ್ಲ. ಹತ್ತಿರದ ಅಗಲ ಕೊಳವೆಗಳಿಂದ ಗಾಳಿ ಸುಲಭವಾಗಿ ಹೊರಬಿದ್ದು ನಡುಮನೆ ಕಾಯುತ್ತದೆ. ನಡುಮನೆಯಲ್ಲಿಯೇ ಇರುವ ಥರ್ಮೋಸ್ಟಾಟ್, ಕೆಲಸ ಮುಗಿಯಿತೆಂದು ಕುಲುಮೆಯನ್ನು ಆರಿಸುತ್ತದೆ. ದೂರದ ಕೋಣೆಗೆ ಬಿಸಿ ತಲಪುವ ಮೊದಲೇ ಬೆಂಕಿ ನಿಂತಿತು. ಹೋಗಲು ದಾರಿಯಿಲ್ಲದ ಶಾಖ ಕುಲುಮೆಯೊಳಗೇ ಸಿಕ್ಕಿಬಿದ್ದು, ಅತಿಯಾದ ಬಿಸಿಗೆ ಕಾವಲಿರುವ ಸ್ವಿಚ್ಚು ಯಂತ್ರವನ್ನು ನಿಲ್ಲಿಸುವುದೂ ಉಂಟು. ಉಳಿಯುವುದು ಸದ್ದೊಂದೇ. ಈ ಸದ್ದಿಗೂ ಕೈಪಿಡಿಯಲ್ಲಿ ಮಿತಿಯುಂಟು: ತಗಡಿನ ಕೊಳವೆಯಲ್ಲಿ ಹೋಗುವ ಗಾಳಿಯ ವೇಗ ನಿಮಿಷಕ್ಕೆ 900 ಅಡಿ, ಮರಳುವ ಗಾಳಿಯದು 700 ಅಡಿ ಮೀರಬಾರದು.

ಬೇಸಿಗೆಯಲ್ಲಿಯೂ ದೊಡ್ಡ ಯಂತ್ರ ಹಿತವಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ತನ್ನ ಹೆಸರಾಂತ ವ್ಯವಸ್ಥೆಯನ್ನು ಯೋಜಿಸಿದ್ದು ಜನರಿಗೆ ತಂಪು ನೀಡಲೆಂದಲ್ಲ. ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನು ಸರಿಪಡಿಸಲೆಂದು. ಗಾಳಿಯ ತೇವವನ್ನು ತೆಗೆಯಲು ಯಂತ್ರ ಬಹಳ ಹೊತ್ತು ಓಡಬೇಕು. ಅಗತ್ಯಕ್ಕಿಂತ ದೊಡ್ಡ ಯಂತ್ರ ಬೇಗನೆ ತಂಪುಮಾಡಿ ನಿಂತುಬಿಡುತ್ತದೆ. ತೇವ ಹಾಗೆಯೇ ಉಳಿಯುತ್ತದೆ, ಮೈ ಅಂಟಂಟಾಗುತ್ತದೆ.

ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯ. ರಾತ್ರಿ ಕೋಣೆಯ ಬಾಗಿಲು ಮುಚ್ಚಿದರೆ ಒಳಬಂದ ಗಾಳಿ ಹೊರಹೋಗಲು ಹಾದಿಯಿಲ್ಲ. ಹೊರಹೋಗದಿದ್ದರೆ ಹೊಸ ಗಾಳಿ ಒಳಬರುವುದಿಲ್ಲ. ಬಾಯಿ ಕಟ್ಟಿದ ಸೀಸೆಗೆ ಎಣ್ಣೆ ಹೊಯ್ದಂತೆ. ಅದಕ್ಕೆಂದು ಬಾಗಿಲ ಮೇಲೆ ಜಾಲರಿಯೊಂದನ್ನು ಬಿಡುತ್ತಾರೆ, ಇಲ್ಲವೇ ಪ್ರತ್ಯೇಕ ಕೊಳವೆ ಹಾಕುತ್ತಾರೆ. ಬಾಗಿಲು ಮುಚ್ಚಿದಾಗ ಕೋಣೆಗೂ ಹೊರಗಿನ ಪಡಸಾಲೆಗೂ ನಡುವಿನ ಒತ್ತಡದ ಅಂತರ 2.5 ಪ್ಯಾಸ್ಕಲ್ ಮೀರಬಾರದೆಂದು ಫ್ಲಾರಿಡ ರಾಜ್ಯದ ನಿಯಮವಿದೆ.

ಅಳತೆ ಸರಿಯಿದ್ದೂ ಸೋರಿದರೆ ಫಲವಿಲ್ಲ. ಅಲ್ಲಿನ ಸಾಮಾನ್ಯ ಮನೆಗಳಲ್ಲಿ ಕೊಳವೆಗಳೊಳಗೆ ಹರಿಯುವ ಗಾಳಿಯ 20ರಿಂದ 30 ಪಾಲು ಸಂದುಗಳಿಂದ ಸೋರಿಹೋಗುತ್ತದೆಂದು ಅಲ್ಲಿನ ಸರ್ಕಾರಿ ಇಲಾಖೆಗಳೇ ಹೇಳುತ್ತವೆ. 2012ರ ಇಂಧನ ಸಂರಕ್ಷಣೆಯ ನಿಯಮಾವಳಿ ಇದಕ್ಕೆ ಕಡಿವಾಣ ಹಾಕಿತು. ಕೊಳವೆಗಳಲ್ಲಿ 25 ಪ್ಯಾಸ್ಕಲ್ ಒತ್ತಡವನ್ನು ಹಿಡಿದು ಪರೀಕ್ಷಿಸಿದಾಗ, ಮನೆಯ ನೂರು ಚದರಡಿಗೆ ನಿಮಿಷಕ್ಕೆ 4 ಘನ ಅಡಿಗಿಂತ ಹೆಚ್ಚು ಸೋರಬಾರದು. ಎರಡು ಸಾವಿರ ಚದರಡಿಯ ಮನೆಗೆ 80 ಘನ ಅಡಿ. ಗ್ಯಾರೇಜಿನ ವಿಷಯದಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು: ಅದರ ಮೂಲಕ ಹಾಯುವ ಕೊಳವೆ ಗಟ್ಟಿ ಉಕ್ಕಿನ ತಗಡಿನದೋ ಅಧಿಕಾರಿಗಳು ಒಪ್ಪುವ ಬೇರೊಂದು ವಸ್ತುವಿನದೋ ಆಗಿರಬೇಕು, ಗ್ಯಾರೇಜಿನೊಳಗೆ ಅದಕ್ಕೆ ಬಾಯಿ ಇರಕೂಡದು. ಕಾರಿನ ಹೊಗೆಯೂ ಬೆಂಕಿಯೂ ಮಲಗುವ ಕೋಣೆಗೆ ಬಾರದಿರಲೆಂದು ಈ ಎಚ್ಚರ.

ಹಾಸನದ ಆ ತಾಯಿಯ ಮಾತನ್ನು ನಾನು ಮಗನಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮೊಮ್ಮಗಳು ಒಂದು ರಾತ್ರಿ ಅಜ್ಜಿಯ ಜೊತೆ ಮಲಗಿದವಳು ಬೆಳಿಗ್ಗೆ ಎಲ್ಲರೆದುರಿಗೂ, “ಅಜ್ಜಿ ರೂಮು ಫ್ರಿಜ್ ಥರ ಇದೆ” ಎಂದಳು. ಆ ವಾರವೇ ಬೇರೊಬ್ಬ ಕೆಲಸಗಾರ ಬಂದ. ಅವನು ಯಂತ್ರದ ಕಡೆ ನೋಡಲೇ ಇಲ್ಲ. ಮಾಪಕವನ್ನು ಹಿಡಿದು ನೇರವಾಗಿ ಅಜ್ಜಿಯ ಕೋಣೆಯ ಜಾಲರಿಯ ಮುಂದೆ ಕುಳಿತ. ನಿಮಿಷಕ್ಕೆ 50 ಘನ ಅಡಿಯನ್ನೂ ಅದು ಮುಟ್ಟಲಿಲ್ಲ. ಸೂರಿನಡಿ ತೆವಳಿ ನೋಡಿದರೆ 5 ಇಂಚಿನ ಮೆತ್ತನೆಯ ಕೊಳವೆ, ಎರಡು ಕಡೆ ಹಗ್ಗದಂತೆ ಜೋಲುಬಿದ್ದಿತ್ತು. ಅದನ್ನು ತೆಗೆದು 7 ಇಂಚಿನ ತಗಡಿನ ಕೊಳವೆಯನ್ನು, ಚಳಿ ತಾಗದಂತೆ ಹೊದಿಸಿ, ನಯವಾದ ತಿರುವುಗಳೊಡನೆ ಕೂಡಿಸಿದ. ಬಾಗಿಲ ಮೇಲೆ ಒಂದು ಜಾಲರಿ ಬಿಟ್ಟ. ಎರಡು ದಿನದ ಕೆಲಸ. ಹೊಸ ಕುಲುಮೆಗೆ ಸುರಿದ ಹಣದ ಸಣ್ಣದೊಂದು ಪಾಲು ವೆಚ್ಚವಾಯಿತು. ಆ ಚಳಿಗಾಲದ ಉಳಿದ ರಾತ್ರಿಗಳಲ್ಲಿ ಆಕೆಗೆ ಒಂದೇ ಸ್ವೆಟರು ಸಾಕಾಯಿತು.

ಆ ಮನೆಯನ್ನು ಮೊದಲು ಕಟ್ಟಿದಾಗ ಲೆಕ್ಕದ ಹಾಳೆಗಳು ಇದ್ದಿರಲೂಬಹುದು. ಆದರೆ ಹಾಳೆಯಲ್ಲಿ ಬರೆದದ್ದು ಸೂರಿನಡಿಗೆ ತಲಪಬೇಕಾದರೆ, ಅಲ್ಲಿ ಕತ್ತಲಲ್ಲಿ ಬಗ್ಗಿ ದುಡಿಯುವವನ ಮನಸ್ಸಿನಲ್ಲಿಯೂ, ಗೋಡೆ ಮುಚ್ಚುವ ಮೊದಲು ಬಂದು ನೋಡುವ ಅಧಿಕಾರಿಯ ಕಣ್ಣಿನಲ್ಲಿಯೂ ಆ ‘ಪ್ರತಿಯೊಂದು’ ಎಂಬ ಪದ ಇರಬೇಕು. ಗೋಡೆ ಮುಚ್ಚಿದ ಮೇಲೆ ಕೊಳವೆಯನ್ನು ಯಾರೂ ನೋಡುವುದಿಲ್ಲ. ಕೊನೆಯ ಕೋಣೆಯಲ್ಲಿ ಮಲಗುವವರಾದರೂ ಬಹುಮಟ್ಟಿಗೆ ದೂರು ಹೇಳದ ಜನ: ವೃದ್ಧರು, ಮಕ್ಕಳು, ಅತಿಥಿಗಳು. ಅವರು ಹೇಳದಿದ್ದುದನ್ನು ಲೆಕ್ಕವೇ ಮೊದಲು ಹೇಳಬೇಕಾಗುತ್ತದೆ. ನಿಯಮಗ್ರಂಥವು ಕೋಣೆಕೋಣೆಯ ಲೆಕ್ಕವನ್ನು ಬೇಡುವುದರ ನ್ಯಾಯ ಇದರಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಈ ಮಾತುಗಳನ್ನು ಓದುವವರಲ್ಲಿ ಆ ದೇಶದಲ್ಲಿ ಮಕ್ಕಳಿರುವವರು ಅನೇಕರಿರಬಹುದು. ಅವರು ಮನೆ ಕೊಳ್ಳುವಾಗ, ಕಟ್ಟಿಸುವಾಗ, ಯಂತ್ರ ಎಷ್ಟು ದೊಡ್ಡದು ಎಂದು ಕೇಳುವುದಕ್ಕೆ ಮುಂಚೆ, ಕೋಣೆಕೋಣೆಯ ಬೇಡಿಕೆಯ ಹಾಳೆಯನ್ನೂ ಕೊಳವೆಗಳ ಅಳತೆಯ ನಕ್ಷೆಯನ್ನೂ ಕೇಳಿ ಪಡೆಯಲೆಂದು ತಾವು ಸೂಚಿಸಬಹುದು. ಕೆಲಸ ಮುಗಿದ ಮೇಲೆ ಒಂದೊಂದು ಜಾಲರಿಯಲ್ಲಿಯೂ ಗಾಳಿಯನ್ನು ಅಳೆಯಿಸಿ, ಹಾಳೆಯ ಅಂಕಿಯೊಡನೆ ಹೋಲಿಸಿ ನೋಡುವುದು ಇನ್ನೂ ಒಳ್ಳೆಯದು. ಅಳೆಯುವುದನ್ನು ಅತ್ಯಂತ ದೂರದ ಕೋಣೆಯಿಂದ ಆರಂಭಿಸಲಿ. ಅಲ್ಲಿ ಅಂಕಿ ಸರಿಹೊಂದಿದರೆ ಮಿಕ್ಕ ಕೋಣೆಗಳ ವಿಷಯದಲ್ಲಿ ಹೆಚ್ಚು ಚಿಂತಿಸಬೇಕಾಗಿಲ್ಲ.